ಉಗುರಿನ ಮೇಲಿನ ಗುರುತು

ಜಹೀರಾಬಾದ್

ತಂಗಿ ಮಾಳಮ್ಮನಿಗೆ ಅಣ್ಣನ ಆಶೀರ್ವಾದ.

ಕುರಿ ಸಂತೆ ಜೋರಾಗಿದೆ. ದಲಾಲಿ ಮಾಡುವ ನನ್ನ ಬಾಯಿಯೂ ಅಷ್ಟೇ ಜೋರು. ಕೋಣೆಗೆ ಬಂದ ಮೇಲೆ ಮಾತ್ರ ಅದಕ್ಕೆ ಕೆಲಸವಿಲ್ಲ.

ತಾಂಡೂರಿನ ನಿನ್ನ ದವಾಖಾನೆಯಲ್ಲಿ ನೀನೇ ನನಗೆ ಫ್ಲೂ ಜ್ವರದ ಸೂಜಿ ಹಾಕಿದ್ದೆಯಲ್ಲ, ಆ ಜ್ವರ ಹೋದ ವಾರ ಬಂತು. ಅಂದು ತೋಳಿನ ಮೇಲಿನ ಸಿಡುಬಿನ ಲಸಿಕೆಯ ಕಲೆ ತೋರಿಸಿ ನಾನು ಕೇಳಿದ್ದೆ: "ಇದು ಹಾಕಿದ ಮ್ಯಾಲ ಸಿಡುಬು ಈ ಕಡೆ ಹಣಕಿ ನೋಡಿಲ್ಲ. ನಿಂದಕ್ಕ ಏನು ಗ್ಯಾರಂಟಿ?"

"ಅಣ್ಣಾ, ಆಗ ಲಸಿಕಿ ಅಂದ್ರ ರೋಗಾನೇ ಬರಂಗಿಲ್ಲ ಅಂತಿದ್ರು. ಈಗ, ಬಂದ್ರೂ ಭಾಳ ಕಾಡಂಗಿಲ್ಲ ಅಂತೀವಿ," ಎಂದೆ ನೀನು. ಸೂಜಿ ಹಾಕಿಸಿದ ಕುರಿಗೂ ಬೆನ್ನಿಗೆ ಬಣ್ಣ ಹಚ್ಚುತ್ತೇವೆ, ನನಗೆ ಗುರುತೇ ಇಲ್ಲವಲ್ಲ ಎಂದು ನಾನು ಗೊಣಗಿದಾಗ, ಪೋಲಿಯೊ ಹನಿ ಕುಡಿದ ಕೂಸಿಗೆ ಇಡುವಂತೆ ನೀನು ನನ್ನ ಕಿರುಬೆರಳ ಉಗುರಿಗೆ ಮಸಿ ಹಚ್ಚಿ ನಕ್ಕೆ.

ನಿನ್ನ ಮಾತೇ ಖರೆ ಆತು. ಮೈ ಸ್ವಲ್ಪ ಬೆಚ್ಚಗಾಯಿತು, ಸಂತೆ ತಪ್ಪಲಿಲ್ಲ. ಹೆಚ್ಚಾದರೆ ನಿನ್ನನ್ನು ಕರೆಸಲೆಂದು ಚಹಾ ಅಂಗಡಿಯವನಿಗೆ ನಿನ್ನ ನಂಬರ್ ಕೊಟ್ಟಿದ್ದೆ. ನಿನಗೆಂದು ಹೊಸ ಚಾದರವನ್ನೂ ತಂದಿದ್ದೆ. ಆದರೆ ನಿನ್ನ ಸೂಜಿ, ಕರೆಸುವಷ್ಟು ಜ್ವರ ಏರಲು ಬಿಡಲಿಲ್ಲ. ಇಂಥ ಲಸಿಕೆಯಿಂದ ಒಂಟಿ ಮನುಷ್ಯನಿಗೆ ಸ್ವಲ್ಪ ಲುಕ್ಸಾನೂ ಇದೆ.

ಉಗುರು ಬೆಳೆದು ಗುರುತು ಹೋಗಿದೆ. ಮುಂದಿನ ಸೂಜಿ ಬರುವ ವರ್ಷವಂತೆ. ಅಷ್ಟರೊಳಗೆ ಒಂದು ಭಾನುವಾರ ಆ ಮಸಿಯ ಪೆನ್ನು ತೆಗೆದುಕೊಂಡು ಬಾ. ಚಾದರದ ಮಡಿಕೆ ಬಿಚ್ಚಿಲ್ಲ.

ನಿನ್ನ ಅಣ್ಣ
ಅಮೋಘಸಿದ್ದ