ಕೆಳಗಿನ ತಿರುವಿನ ಮೀನುಗಳು

ನರಿನ್ ಪಟ್ಟಣ,
ಜನವರಿ ೧೪

ಶರ್ಶೆನ್,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಗುರುತು ಕಂಡರೆ ಕಾಣಲಿ.

ನಿನ್ನ ಕಾಗದವೂ ಕುದುರೆ ಮಾಂಸದ ಗಂಟೂ ಮಿನಿಬಸ್ಸಿನ ಅಸನ್‌ಬಾಯ್ ಕೈಯಲ್ಲಿ ತಲುಪಿದವು. ಮಾಂಸವನ್ನು ಕಲಿಪಾ ಅಕ್ಕ ಬೇಯಿಸಿದಳು, ನಾನೂ ತಿಂದೆ. ಕಾಗದ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ನಮ್ಮಲ್ಲಿ ದುಡ್ಡು ಕೊಟ್ಟು ಉಳಿಯುವ ಪೇಟೆಯ ವದಿಮ್‌ನ ತಂಡ ಇಪ್ಪತ್ತಕ್ಕೆ ಮತ್ತೆ ಮೀನು ಹಿಡಿಯಲು ಬರುತ್ತದೆ, ಅಡುಗೆಗೆ ಜನ ಇಲ್ಲ, ಹದಿನೆಂಟಕ್ಕೇ ಬಂದುಬಿಡು ಎಂದು ಬರೆದಿದ್ದೀಯ. ಹನ್ನೊಂದು ವರ್ಷ ಬಾಳಿದ ಹೆಂಡತಿಯನ್ನು ಕರೆಯುವ ರೀತಿಯೇ ಇದು? ಕೊನೆಯಲ್ಲಿ 'ಆ ವಿಷಯ ಯಾರಿಗೂ ಹೇಳಿಲ್ಲ ತಾನೇ' ಎಂದು ಬೇರೆ. ಹೇಳಿಲ್ಲ, ಹೆದರಬೇಡ.

ಅಕ್ಕ ನಿನ್ನ ಪಕ್ಷ. "ಕುಡಿಯಲ್ಲ, ಹೊಡೆಯಲ್ಲ, ಮೇಲೆ ಮಾಂಸ ಬೇರೆ ಕಳಿಸ್ತಾನೆ. ಮೀನು ಸತ್ತಿದ್ದಕ್ಕೆ ಗಂಡನ್ನ ಬಿಟ್ಟು ಬಂದೋಳು ಈ ಊರಲ್ಲೇ ನೀನೊಬ್ಳು ಕಣೇ" ಎನ್ನುತ್ತಾಳೆ. ಮೀನು ಸತ್ತದ್ದಷ್ಟೇ ಅವಳಿಗೆ ಗೊತ್ತು, ಉಳಿದದ್ದನ್ನು ಏನೆಂದು ಹೇಳಲಿ? ಫೋನಿನಲ್ಲಿ ನಿನ್ನ ಬೆಣ್ಣೆಮಾತಿಗೆ ನಾನು ಕರಗಿಬಿಡುತ್ತೇನೆ. ಅದಕ್ಕೇ ಕಾಗದ.

ನಮ್ಮ ಮೊದಲ ಚಳಿಗಾಲ ನಿನಗೆ ನೆನಪಿದೆಯೋ ಇಲ್ಲವೋ. ಹೊಳೆಯ ಅಂಚೆಲ್ಲ ಹೆಪ್ಪುಗಟ್ಟಿ, ನಡುವೆ ಮಾತ್ರ ಕಪ್ಪು ನೀರು ಓಡುತ್ತಿತ್ತು. ನಾನು ಟ್ರೌಟ್ ಮೀನನ್ನು ಮುಟ್ಟಲು ಹೋದಾಗ ನೀನು ಕೈಗವಸು ಬಿಚ್ಚಿಸಿದೆ. "ಕೈ ಒದ್ದೆ ಮಾಡ್ಕೊ ಮೊದ್ಲು. ಒಣಗೈಲಿ ಮುಟ್ಟಿದ್ರೆ ಅದರ ಮೈ ಸುಟ್ಟ ಹಾಗೆ. ಬಿಡೋದಾದ್ರೆ ನೀರಿಂದ ಮೇಲೆ ಎತ್ತಲೇಬೇಡ, ಈ ಚಳಿಗೆ ಕಿವಿರು ಹೆಪ್ಪುಗಟ್ಟತ್ತೆ" ಎಂದೆ. ಎರಡು ಹಿಡಿದೆವು, ಎರಡನ್ನೂ ತಿಂದೆವು. ಇಂಥವನ ಕೈ ಹಿಡಿದೆನಲ್ಲ ಎಂದು ಆ ದಿನ ಹೆಮ್ಮೆಪಟ್ಟಿದ್ದೆ.

ಅದೇ ನೀನು, ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ, ವದಿಮ್ ಮೀನನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಳ್ಳುವಾಗ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಟೋಪಿ ಸರಿಯಿಲ್ಲವೆಂದು ಇನ್ನೊಂದು, ಬಿಸಿಲು ಬರಲಿ ಎಂದು ಮತ್ತೊಂದು. ಮೀನಿನ ಕಣ್ಣಿನ ಮೇಲೆ ಹಿಮ ಕಟ್ಟಿದ್ದು ನನಗೆ ದಡದಿಂದ ಕಂಡಿತು, ನಿನಗೆ ಕಾಣಲಿಲ್ಲವೇ? ಆಮೇಲೆ, ಹಿಡಿದದ್ದನ್ನು ಕೊಲ್ಲದೆ ಬಿಟ್ಟುಬಿಡಬೇಕೆಂಬ ಅವರ ನೇಮದಂತೆ, ಅವನು ಅದಕ್ಕೊಂದು ಮುತ್ತು ಕೊಟ್ಟು ನೀರಿಗೆ ಬಿಟ್ಟ. ಥೂ. "ನೋಡಿ ಹೆಂಗೆ ಓಡ್ತು, ಗಟ್ಟಿ ಮೀನು" ಎಂದು ನೀನು ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಎಲ್ಲಿಯವರೆಗೆ ಓಡುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೊಳೆಯ ಕೆಳಗಿನ ತಿರುವಿನವರೆಗೆ. ಕಳೆದ ಚಳಿಗಾಲ ಒಂದು ಮುಂಜಾನೆ ನೀರು ತರಲು ಹೋದಾಗ ಮೊದಲು ನೋಡಿದವಳು ನಾನೇ. ಮಂಜುಗಡ್ಡೆಯ ಅಂಚಿಗೆ ಸಿಕ್ಕಿಕೊಂಡು, ಹೊಟ್ಟೆ ಮೇಲಾಗಿ, ಒಂಬತ್ತು ಮೀನು. ಓಡಿ ಬಂದು ಹೇಳಿದರೆ ನೀನು ತಲೆ ಎತ್ತಲಿಲ್ಲ. "ಅವ್ರು ಏಳೋಕ್ಮುಂಚೆ ಹೋಗಿ ಆರಿಸ್ಕೊಂಡು ಬಾ. ಕಂಡ್ರೆ ಬೇಜಾರು ಮಾಡ್ಕೋತಾರೆ" ಎಂದೆ. ಅವರಿಗೆ ಬೇಜಾರಾಗಬಾರದು, ಅಷ್ಟೇ ನಿನ್ನ ಚಿಂತೆ.

ಎರಡು ಚಳಿಗಾಲ ಆರಿಸಿದೆ. ಇದನ್ನು ನಾನೇ ಒಪ್ಪಿಕೊಳ್ಳಬೇಕು, ನೀನು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಲಿಲ್ಲ. ಮುಂಜಾನೆ ಬಕೆಟ್ ಹಿಡಿದು ಕದ್ದು ಹಾಲು ಕುಡಿಯುವ ಬೆಕ್ಕಿನ ಹಾಗೆ ಹೋಗುತ್ತಿದ್ದೆ. ಮೊದಲು ನಾಯಿಗೆ ಹಾಕಿದೆ. ಆಮೇಲೆ ಕೈ ಬರಲಿಲ್ಲ. ಅನ್ನವನ್ನು ಚೆಲ್ಲಬಾರದೆಂದು ಬೆಳೆದವಳು ನಾನು, ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನೂ ಕಣ್ಣಿಗೊತ್ತಿ ಎತ್ತಿಡುವವರ ಮನೆಯವಳು. 'ಕೊಂದ ಪಾಪ ತಿಂದು ಪರಿಹಾರ' ಎಂದು ಅಜ್ಜಿ ಹೇಳುತ್ತಿದ್ದಳು. ಹಾಗಾಗಿ ಸಾರು ಮಾಡಿದೆ, ಅವರಿಗೇ ಬಡಿಸಿದೆ.

"ನಾವು ಹೊಳೆ ಮೀನು ತಿನ್ನಲ್ಲಮ್ಮ, ಇದು ಎಲ್ಲಿಂದು?" ಎಂದು ವದಿಮ್ ಕೇಳಿದಾಗ "ಸಾಕಿದ್ದು, ಸಂತೇಲಿ ತಂದಿದ್ದು" ಎಂದು ನೀನು ಕಣ್ಣು ಮಿಟುಕಿಸದೆ ಹೇಳಿದೆ. ಅವನು ಎರಡು ಸಲ ಹಾಕಿಸಿಕೊಂಡ. ಹೊಸ ವರ್ಷದ ದಿನ ಲೋಟ ಎತ್ತಿ, 'ಒಂದು ಮೀನೂ ಸಾಯದ ಈ ಮನೆಗೆ' ಎಂದು ಹಾರೈಸಿದಾಗ ನೀನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದೆ. ನನ್ನ ಸೌಟಿನಲ್ಲಿ ಅವನೇ ಹಿಂದಿನ ದಿನ ಮುತ್ತು ಕೊಟ್ಟ ಮೀನಿನ ತುಂಡಿತ್ತು. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಹೊಟ್ಟೆ ಕೆಟ್ಟಿದೆ ಎಂದು ನೀನು ಅತಿಥಿಗಳಿಗೆ ಹೇಳಿದ್ದು ಗೋಡೆಯಾಚೆ ಕೇಳಿಸಿತು. ಮರುದಿನ ಬಸ್ಸು ಹತ್ತಿದೆ.

ಅವರ ಮೇಲೆ ನನಗೆ ಅಂಥ ಸಿಟ್ಟಿಲ್ಲ, ಅವರು ಪೇಟೆಯ ತಿಳಿಗೇಡಿಗಳು. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆಯಲ್ಲ, ಆ ನಗು ನೆನಪಾದರೆ ಹೇಸಿಗೆಯಾಗುತ್ತದೆ. ನನ್ನ ಕೈಯನ್ನು ಕಂಡರೂ ಹೇಸಿಗೆ. ಇಲ್ಲಿಗೆ ಬಂದ ಮೇಲೆ ಎಷ್ಟು ಸಲ ಸೋಪು ಹಚ್ಚಿದೆನೋ, ಅಕ್ಕ ಬೈಯುತ್ತಾಳೆ.

ಹದಿನೆಂಟಕ್ಕೆ ನಾನು ಬರುವುದಿಲ್ಲ. ಉಗ್ರಾಣದ ಕೀಲಿಯನ್ನು ಈ ಕಾಗದದೊಳಗೇ ಮಡಿಸಿಟ್ಟಿದ್ದೇನೆ. ಬಕೆಟ್ ಬಾಗಿಲ ಹಿಂದಿದೆ. ಬೇಕಾದರೆ ನೀನೇ ಹೋಗಿ ಆರಿಸು.

ಇಂತಿ,
ಇನ್ನೂ ನಿನ್ನ ಹೆಸರಿನಲ್ಲೇ ಇರುವ
ಜಿಪಾರ್

ಮರೆತಿದ್ದೆ: ಯಾರಿಗೂ ಹೇಳಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅತಿಥಿಗಳ ಪುಸ್ತಕದಿಂದ ವದಿಮ್‌ನ ನಂಬರು ಬರೆದುಕೊಂಡು ಬಂದಿದ್ದೆ. ಮೊನ್ನೆ ಅವನಿಗೆ ಎಲ್ಲವನ್ನೂ ಬರೆದು ಕಳಿಸಿದೆ, ಮೀನಿನ ಲೆಕ್ಕ ಸಮೇತ. ಒಂದೇ ಸಾಲಿನ ಉತ್ತರ ಬಂತು: "ಹಾಗಾದ್ರೆ ನಾವು ತಿಂದ ಆ ಸಾರು?" ಸತ್ತ ಮೀನಿನ ಬಗ್ಗೆ ಒಂದಕ್ಷರವಿಲ್ಲ. ಹೌದು ಎಂದೆ. ಅವರು ಇನ್ನು ಬರುವುದಿಲ್ಲವಂತೆ. ಆ ಸುದ್ದಿಯನ್ನು ನಿನಗೆ ನಾನೇ ತಿಳಿಸುತ್ತೇನೆಂದು ಅವನಿಗೆ ಹೇಳಿದ್ದೆ, ತಿಳಿಸಿದ್ದೇನೆ. ಇಪ್ಪತ್ತಕ್ಕೆ ನಿನಗೆ ಬಿಡುವು ಸಿಕ್ಕಿತಲ್ಲ. ಅವತ್ತು ಬೆಳಿಗ್ಗೆಯ ಬಸ್ಸಿಗೆ ಬಂದು ಕೆಳಗಿನ ತಿರುವಿನಲ್ಲಿ ಇಳಿಯುತ್ತೇನೆ, ಮನೆಗಲ್ಲ. ನನ್ನ ಮೇಲಿನ ನಿನ್ನ ಸಿಟ್ಟು ಅಷ್ಟರಲ್ಲಿ ಇಳಿದಿದ್ದರೆ ಹಳೆಯ ಗಾಳ ಒಂದನ್ನೇ ತಗೊಂಡು ಬಾ. ಎರಡು ಮೀನು ಸಾಕು. ಇಳಿದಿಲ್ಲವಾದರೆ ಬರಬೇಡ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸಾಗುತ್ತೇನೆ.