ಮೂವತ್ತೆರಡನೇ ತಾರೀಖು

ಜನವರಿ 1, ಸಂಜೆ

ತರೀಕೆರೆ ಬಸ್ಸು ಇವತ್ತೂ ಲೇಟು. ಕಾಲೇಜಿನಲ್ಲಿ ನಾಲ್ಕು ಕ್ಲಾಸು ಕಂಪ್ಯೂಟರ್ ಪಾಠ ಕಿರುಚಿ ಗಂಟಲು ಹೋಗಿದೆ. ಮನೆಗೆ ಬಂದರೆ ಅವ್ವ ಒಲೆ ಹಚ್ಚಿಲ್ಲ. ಅಣ್ಣ ಕೆಂಪರಾಜು ಹಲ್ಲು ಕಡಿಯುತ್ತ ಹೇಳಿದ — ಬೆಳಿಗ್ಗೆ ಅವ್ವ ಕಾಲುವೆಯಿಂದ ನಮ್ಮ ಈರುಳ್ಳಿಗೆ ನೀರು ತಿರುಗಿಸಿದಳಂತೆ. ನೀರಿನ ಸಂಘದ ಅಧ್ಯಕ್ಷ ಷಣ್ಮುಖಪ್ಪ ಬಂದು ಮಣ್ಣು ತಳ್ಳಿ ಮುಚ್ಚಿದನಂತೆ. ಎಲ್ಲರ ಎದುರಿಗೆ "ನೀರುಗಳ್ಳಿ" ಅಂದನಂತೆ.

"ಎಣಿಸ್ಕೊಂಡೇ ಹೋಗಿದ್ದೆ ಕಣೇ. ಇವತ್ತು ನಂದೇ ಸರದಿ," ಅಂದಳು ಅವ್ವ.

ಸಂಘದ ಆ್ಯಪ್ ಫೋನಿಗೆ ಕಳಿಸಿದ ಮೆಸೇಜು ಬೇರೆ ಹೇಳುತ್ತಿದೆ: ಇಂದು ಒಂದನೇ ಮನೆ. ಅಂದರೆ ಷಣ್ಮುಖಪ್ಪನದೇ! ಮೈಯೆಲ್ಲ ಉರಿಯುತ್ತಿದೆ.

ಜನವರಿ 2

ಕಾಲುವೆಗೆ ಎಂಟು ಮನೆ, ದಿನಕ್ಕೊಂದರಂತೆ ನೀರು. ತುದಿಯ ನಾವು ಎಂಟನೆಯವರು. ತುದಿಯ ಜಮೀನು ನಮ್ಮ ಕೇರಿಗೇ ಯಾಕೆ ಬಂತು... ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮೊದಲು ನೀರುಗಂಟಿ ಗಿಡ್ಡಪ್ಪ ಸರದಿ ಕೂಗುತ್ತಿದ್ದರು. ಅವರು ಕಾಲು ಮುರಿದುಕೊಂಡ ಮೇಲೆ, ಡಿಸೆಂಬರಿನಿಂದ, ಷಣ್ಮುಖಪ್ಪನ ಮಗ ಅಭಿಲಾಷ್ ಬರೆದ ಆ್ಯಪ್.

ಅವನಿಗೆ ಫೋನು ಮಾಡಿ ಕೋಡ್ ತರಿಸಿಕೊಂಡೆ. ತಾರೀಖನ್ನು ಎಂಟರಿಂದ ಭಾಗಿಸು, ಉಳಿದ ಶೇಷವೇ ಮನೆ ನಂಬರು. ಸೊನ್ನೆ ಉಳಿದರೆ ನಾವು. ಅಂದರೆ 8, 16, 24. ಆಮೇಲೆ? ಮೂವತ್ತೆರಡನೇ ತಾರೀಖು ಯಾವ ತಿಂಗಳಲ್ಲಿದೆಯೋ ಮಂಗ! ಒಂದನೇ ತಾರೀಖು ಬಂದೊಡನೆ ಸರದಿ ಮತ್ತೆ ನಿಮ್ಮಪ್ಪನಿಂದ. ಡಿಸೆಂಬರಿನಲ್ಲಿ ಉಳಿದ ಏಳೂ ಮನೆಗೆ ನಾಲ್ಕು ಸಲ ನೀರು, ನಮಗೆ ಮೂರೇ. ಮುಂದಿನದು ಎಂಟಕ್ಕೆ — ಹದಿನೈದು ದಿನ ಒಣಗಬೇಕು. ಗೆಡ್ಡೆ ಕಟ್ಟುವ ಈರುಳ್ಳಿ ತಡೆಯುತ್ತದಾ? 24 ಆಗಿ ಎಂಟನೇ ದಿನ ನಿನ್ನೆಯೇ; ಅವ್ವನ ಎಣಿಕೆಯೇ ಸರಿ.

ಜನವರಿ 4, ಭಾನುವಾರ

ಸಂಘದ ಸಭೆ. ಎದ್ದು ನಿಂತು ಹೇಳಿಯೇಬಿಟ್ಟೆ. "ಡಿಸೆಂಬರ್ ಮುಗೀತು ಅಂತ ಬುಧವಾರ ಆದ್ಮೇಲೆ ಭಾನುವಾರ ಬಂತಾ? ಗುರುವಾರನೇ ಬಂತಲ್ಲ? ಸರದೀನೂ ಹಂಗೇ. ತಾರೀಖು ನೋಡ್ಬಾರ್ದು. ಶುರುವಾಗಿ ಎಷ್ಟು ದಿನ ಆಯ್ತು, ಅದನ್ನ ಎಂಟರಿಂದ ಭಾಗಿಸ್ಬೇಕು."

"ಹೌದಪ್ಪ, ತಪ್ಪಾಗಿದೆ," ಅಂದ ಅಭಿಲಾಷ್, ತಲೆ ಎತ್ತದೆ.

ಷಣ್ಮುಖಪ್ಪ ನಕ್ಕ. "ಕಂಪ್ಯೂಟರ್‌ಗೆ ಯಾವ ಜಾತಿ ಕಣಮ್ಮ? ಬೇಕು ಅಂತ ಮಾಡಿದ್ವಾ? ಸರಿ ಮಾಡಿಸ್ತೀನಿ ಬಿಡು."

ಜಾತಿಯ ಮಾತು ನಾನು ಎತ್ತಿರಲೇ ಇಲ್ಲ.

"ನಮ್ಮವ್ವನಿಗೆ ಕಳ್ಳಿ ಅಂದ್ರಲ್ಲ?"

"ಹೋಗ್ಲಿ ಬಿಡಮ್ಮ, ದೊಡ್ಡದು ಮಾಡ್ಬೇಡ."

ಥೂ! ಬಾಯಿ ತಪ್ಪಿಯೂ ಒಂದು 'ತಪ್ಪಾಯ್ತು' ಬರಲಿಲ್ಲ.

ಜನವರಿ 8, ಬೆಳಿಗ್ಗೆ 6

ಅವರ ಹಾಳು ಲೆಕ್ಕದಲ್ಲೂ ಇವತ್ತು ನಮ್ಮ ನೀರು. ಈಗ ಬಂದ ಮೆಸೇಜು: "ಆ್ಯಪ್ ಸರಿಪಡಿಸಲಾಗಿದೆ. ಇಂದಿನಿಂದ ಹೊಸ ಸುತ್ತು. ಇಂದು ಒಂದನೇ ಮನೆ."

ನಮಗೆ ಇನ್ನು ಹದಿನೈದಕ್ಕೆ!

ಕೋಡ್ ನೋಡಿದೆ. ಒಂದು ತಪ್ಪೂ ಇಲ್ಲ. ನಾನು ಹೇಳಿಕೊಟ್ಟಂತೆಯೇ ಬರೆದಿದ್ದಾನೆ. ಸುತ್ತು ಯಾರಿಂದ ಶುರುವಾಗಬೇಕು ಎಂದು ಮಾತ್ರ ಲೆಕ್ಕ ಹೇಳುವುದಿಲ್ಲ, ಷಣ್ಮುಖಪ್ಪ ಹೇಳುತ್ತಾನೆ. ಷಣ್ಮುಖಪ್ಪನಿಗೇ ಫೋನು ಮಾಡಿ ಬೈದೆ.

"ಎಲ್ಲಿಂದಾದ್ರೂ ಶುರು ಮಾಡ್ಲೇಬೇಕಲ್ಲಮ್ಮ?"

ಸ್ಪೀಕರಿನಲ್ಲಿ ಅವ್ವ ಕೇಳಿಸಿಕೊಂಡಳು. "ಹಂಗಾದ್ರೆ ನಮ್ಮಿಂದ್ಲೇ ಆಗ್ಲಿ," ಅಂದಳು. ಸಲಿಕೆ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಹಿಂದೆಯೇ ಕೆಂಪರಾಜು.

ಕಾಲೇಜಿಗೆ ರಜೆ ಹೇಳಿದೆ. ಕಾಲುವೆ ಕಡೆ ಜೋರು ಗಲಾಟೆ... ಅವ್ವನದೇ ದನಿ. ನಾನೂ ಹೊ—