ಮೀಸೆಮಾವನ ಮಾತು

ಬೈಂಡಿಂಗ್ ಅಂಗಡಿಯಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರುತ್ತೀಯ, ಊಟಕ್ಕಾದರೂ ಕೂತುಕೋ. ಅಮ್ಮನಿಗೆ ಕಣ್ಣಿನ ಪೊರೆ ಇನ್ನಷ್ಟು ಬೆಳೆದಿದೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು. ನಾನೂ ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ ಅಂದುಕೋ.

ಹೊಸ ಮನೆ ಒಂದೇ ಕೋಣೆಯದು, ನೀನು ಹೇಳಿದಂತೆ ನಮ್ಮ ಕಾಮಿಕ್ಸ್ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಬಿಟ್ಟೆ. ನೀನು ಹೇಳಿದ ಅನುಕೂಲಗಳಲ್ಲಿ ಒಂದೂ ಸುಳ್ಳಲ್ಲ. ಮಂಚದಡಿಯ ಮೂರು ಪೆಟ್ಟಿಗೆ ಈಗ ಹೆಬ್ಬೆರಳಿನಷ್ಟು ಪೆನ್‌ಡ್ರೈವ್‌ನಲ್ಲಿವೆ. ಗೆದ್ದಲಿನ ಭಯವಿಲ್ಲ, ಬೂಷ್ಟಿನ ವಾಸನೆಯಿಲ್ಲ. ಮೊದಲು ಯಾರು ಓದಬೇಕು ಅಂತ ನೀನು ನನ್ನ ಜಡೆ ಎಳೆಯುವಂತಿಲ್ಲ. ನೀನು ಅಲ್ಲಿ, ನಾನು ಇಲ್ಲಿ, ಒಂದೇ ಹೊತ್ತಿಗೆ ಒಂದೇ ಪುಟ ಓದಬಹುದು. ಅಮ್ಮ ಟ್ಯಾಬ್ ಮೇಲೆ ಎರಡು ಬೆರಳು ಅಗಲಿಸಿದರೆ ಸಾಕು, ಮೀಸೆಮಾವನ ಮೂಗು ಕುಂಬಳಕಾಯಿಯಷ್ಟಾಗುತ್ತದೆ. ಇಷ್ಟೆಲ್ಲ ಯಾಕೆ ಹೊಗಳುತ್ತಿದ್ದೇನೆ ಅಂತ ನಿನಗೆ ಅನುಮಾನ ಬಂದಿರಬೇಕು. ಬರಲೇಬೇಕು.

ಆ ಪುಸ್ತಕಗಳು ಮನೆಯಲ್ಲಿ ಯಾರಿಗೂ ಬಾರದ ಭಾಷೆಯವು ಅಲ್ಲವೇ? ಅಮ್ಮ ಮಾತಿನ ಗುಳ್ಳೆಗಳ ಮೇಲೆಲ್ಲ ಬಿಳಿ ಚೀಟಿ ಅಂಟಿಸಿ, ಪೆನ್ಸಿಲಿನಲ್ಲಿ ತನಗೆ ತೋಚಿದ್ದನ್ನು ಬರೆದಿದ್ದಳು. ಕತ್ತಿ ಎತ್ತಿದ ಸೇನಾಪತಿಯನ್ನು ಮೀಸೆಮಾವನನ್ನಾಗಿ ಮಾಡಿ, ಅವನ ಬಾಯಲ್ಲಿ "ಬೇಗ ಸೋಲ್ರೋ, ಹಾಲು ಒಲೆ ಮೇಲಿಟ್ಟು ಬಂದಿದೀನಿ!" ಅನ್ನಿಸಿದ್ದಳು. ಆ ಭಾಷೆ ಕಲಿತ ಮೇಲೆ ನೀನು ನಿಜವಾದ ಕಥೆ ಹೇಳಿದೆ, ಎಷ್ಟು ಸಪ್ಪೆಯಾಗಿತ್ತು!

ಅಣ್ಣಾ, ಬೈಯಬೇಡ. ಸ್ಕ್ಯಾನ್ ಯಂತ್ರಕ್ಕೆ ಬಿಡಿಹಾಳೆಯೇ ಬೇಕು. ಹದಿನಾರು ವರ್ಷದಿಂದ ಪುಸ್ತಕದ ಬೆನ್ನು ಹೊಲಿಯುತ್ತಿರುವ ಈ ಕೈಯಿಂದಲೇ ಒಂದೊಂದರ ಬೆನ್ನೂ ಕತ್ತರಿಸಿದೆ. ಹಳೆಯ ದಾಖಲೆ ತರುವ ಗಿರಾಕಿಗಳಿಗಾಗಿ 'ಕಲೆ ತೆಗೆ' ಅನ್ನುವ ಗುಂಡಿಯನ್ನು ದಿನಾ ಒತ್ತುತ್ತೇನೆ. ಅಂದೂ ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಮೊದಲ ಪುಸ್ತಕದ ಮುಖಪುಟ ಚೆನ್ನಾಗಿ ಬಂತು, ಒಳಗಿನದನ್ನು ನೋಡಲೇ ಇಲ್ಲ. ಹಾಳೆಗಳನ್ನೆಲ್ಲ ರದ್ದಿಯವನಿಗೆ ಕೊಟ್ಟುಬಿಟ್ಟೆ. ಗುರುವಾರ ಅಮ್ಮ ಟ್ಯಾಬ್ ಹಿಡಿದು, "ಇವರೆಲ್ಲ ಬಾಯಿ ತೆರೆದು ಯಾಕೆ ಸುಮ್ಮನೆ ನಿಂತಿದಾರೆ?" ಅಂದಳು. ಮಾಸಿದ ಪೆನ್ಸಿಲನ್ನೂ ಯಂತ್ರ ಕಲೆ ಅಂದುಕೊಂಡಿತ್ತು. ಪುಟ ಪುಟದಲ್ಲೂ ಖಾಲಿ ಗುಳ್ಳೆ. ಚಪ್ಪಲಿಯನ್ನೂ ಮೆಟ್ಟದೆ ರದ್ದಿಯವನ ಹತ್ತಿರ ಓಡಿದೆ. ಲಾರಿ ಹಿಂದಿನ ದಿನವೇ ಕಾಗದದ ಕಾರ್ಖಾನೆಗೆ ಹೋಗಿತ್ತು.

ಅಮ್ಮನಿಗೆ ಹೇಳಿಲ್ಲ. "ಫೈಲು ಇನ್ನೂ ಪೂರ್ತಿ ತೆರೆದುಕೊಂಡಿಲ್ಲ" ಅಂದೆ. ದಿನಾ ಬೆಳಿಗ್ಗೆ "ತೆರೀತಾ?" ಅಂತ ಕೇಳುತ್ತಾಳೆ, ನಾನು ತಿಂಡಿ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೊರಡುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು. ನೆನಪಿದ್ದಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಇನ್ನೂ ಹತ್ತೊಂಬತ್ತು ಪುಟವಾಗಿದೆ ಅಷ್ಟೆ. ಮೂರು ವರ್ಷದ ಹಿಂದೆ ಹಡಗು ಹತ್ತುವ ದಿನವೂ ಆ ಪುಸ್ತಕಗಳನ್ನೇ ಓದುತ್ತ ಕೂತಿದ್ದವನು ನೀನು. ನಿನಗೆ ನೆನಪಿರುವ ಒಂದೊಂದು ಮಾತನ್ನೂ ಬರೆದು ಕಳಿಸು, ಅರ್ಧಂಬರ್ಧವಾದರೂ ಸರಿ. ಅಮ್ಮನ ಅಕ್ಷರವನ್ನು ನಾನೇ ಅಳಿಸಿಬಿಟ್ಟೆ ಅನ್ನುವುದು ಸಹಿಸಲಾಗುತ್ತಿಲ್ಲ.

ಹೊತ್ತುಹೊತ್ತಿಗೆ ಉಣ್ಣು. ಅಮ್ಮನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಬರೆಯುತ್ತಿದ್ದೇನೆ, ಕೇಳಿದರೂ ಕೊಡುವುದು ಅದನ್ನೇ.

ನಿನ್ನ ತಂಗಿ,
ಮೋಟುಜಡೆ

ತಾಳು, ಇನ್ನೊಂದು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಅಂಗಡಿಗೇ ಬಂದಳು. ಅವಳಿಗೆ ಗುರುವಾರವೇ ಗೊತ್ತಾಗಿತ್ತಂತೆ, ನಾನು ಯಾವಾಗ ಬಾಯಿಬಿಡುತ್ತೇನೋ ಅಂತ ನೋಡುತ್ತಿದ್ದಳಂತೆ. "ಬರೆದವಳು ಇನ್ನೂ ಬದುಕಿದೀನಲ್ಲ, ಪ್ರಿಂಟ್ ತೆಗಿ" ಅಂದಳು. ಅವಳು ಹೇಳಿದಳು, ನಾನು ಪೆನ್ಸಿಲಿನಲ್ಲಿ ತುಂಬಿಸಿದೆ. ಸಂಜೆಯೊಳಗೆ ಮೊದಲ ಪುಸ್ತಕ ಮುಗಿಯಿತು. ಕೊನೆಯ ಚಿತ್ರ ನೆನಪಿದೆಯಲ್ಲ, ಮೀಸೆಮಾವ ಯುದ್ಧ ಮುಗಿಸಿ ಮನೆಯ ಮುಂದೆ ನಿಂತು "ಬಾಗಿಲು ತೆಗೀರಿ, ನಾನು ಬಂದೆ" ಅನ್ನುತ್ತಾನೆ. ಬರೆಯಹೋದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು. "ಅದೊಂದು ಖಾಲಿ ಇರಲಿ. ಅವನೇ ಬಂದು ಹೇಳ್ಲಿ" ಅಂದಳು. ಅಣ್ಣಾ, ರಜೆ ಯಾವಾಗ ಸಿಗುತ್ತದೆ?